ಹುಲಿಗೆ ಕೊಟ್ಟ ಮಾತು

ಪ್ರಾಣಭಯದಲ್ಲಿ ಕೊಟ್ಟ ಮಾತನ್ನು ನಡೆಸಬೇಕೇ? ನಮ್ಮಲ್ಲಿ ಇದಕ್ಕೆ ಎರಡು ಉತ್ತರಗಳಿವೆ, ಒಂದು ಇನ್ನೊಂದಕ್ಕೆ ಬೆನ್ನು ತಿರುಗಿಸಿ ನಿಂತಿದೆ. ಬಲಾತ್ಕಾರದಿಂದ ಕೊಡಿಸಿದ್ದು, ಅನುಭವಿಸಿದ್ದು, ಬರೆಸಿಕೊಂಡದ್ದು ಯಾವುದನ್ನೂ ನಡೆದ ವ್ಯವಹಾರವೆಂದು ಎಣಿಸಬಾರದು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. ಗೋವಿನ ಹಾಡು ಇದಕ್ಕೆ ಒಪ್ಪುವುದಿಲ್ಲ. ಪುಣ್ಯಕೋಟಿ ಮಾತು ಕೊಟ್ಟದ್ದು ಹುಲಿಯ ಬಾಯ ಮುಂದೆ ನಿಂತು; ಅದಕ್ಕಿಂತ ದೊಡ್ಡ ಬಲಾತ್ಕಾರ ಯಾವುದಿದ್ದೀತು? ಆದರೂ ಕರುವಿಗೆ ಹಾಲೂಡಿಸಿ ಅವಳು ಹಿಂದಿರುಗುತ್ತಾಳೆ, ಹಿಂದಿರುಗಿದ್ದೇ ಸರಿ ಎಂದು ತಲೆಮಾರುಗಳಿಂದ ಕನ್ನಡದ ಮಕ್ಕಳು ಕಣ್ಣೀರು ಹಾಕುತ್ತಾ ಒಪ್ಪಿಕೊಂಡಿದ್ದಾರೆ. ಶಾಸ್ತ್ರ ಒಂದು ಹೇಳಿದರೆ ಹಾಡು ಇನ್ನೊಂದು ಹೇಳುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾಗಿಲ್ಲ, ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂಬುದು ನನ್ನ ವಾದ. ಅದನ್ನು ಪರೀಕ್ಷಿಸಲು ಕಥೆಯ ಕಾಡಿಗಿಂತ ಹತ್ತೊಂಬತ್ತನೆಯ ಶತಮಾನದ ಜಪಾನಿನ ಕಡಲತೀರ ಹೆಚ್ಚು ಅನುಕೂಲವಾದ ಜಾಗ.

1853ರ ಜುಲೈ 8ರಂದು ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಂದಿಗೆ ಎಡೊ ಕೊಲ್ಲಿಯ ಬಾಯಲ್ಲಿರುವ ಉರಾಗಾಕ್ಕೆ ಬಂದ. ಅವುಗಳಲ್ಲಿ ಎರಡು ಉಗಿಹಡಗುಗಳು. ವಿದೇಶಿಯರ ವ್ಯವಹಾರವೆಲ್ಲ ನಾಗಾಸಾಕಿಯಲ್ಲಿ, ಅಲ್ಲಿಗೆ ಹೋಗಿ ಎಂದು ಜಪಾನಿ ಅಧಿಕಾರಿಗಳು ಹೇಳಿದರು, ಆತ ಕದಲಲಿಲ್ಲ. ಅಧ್ಯಕ್ಷ ಫಿಲ್‌ಮೋರ್ ಬರೆದ ಪತ್ರವನ್ನು ತಲುಪಿಸಿ, ಉತ್ತರಕ್ಕೆ ಮತ್ತೆ ಬರುತ್ತೇನೆಂದು ಹೊರಟುಹೋದ. ಮರುವರ್ಷ ಇನ್ನೂ ದೊಡ್ಡ ಪಡೆಯೊಂದಿಗೆ ಬಂದ. 1854ರ ಮಾರ್ಚ್ 31ರಂದು ಕನಗಾವಾ ಒಪ್ಪಂದಕ್ಕೆ ಸಹಿ ಬಿತ್ತು: ಶಿಮೋದಾ ಮತ್ತು ಹಾಕೊದಾತೆ ಬಂದರುಗಳು ತೆರೆದವು, ಹಡಗುಗಳಿಗೆ ಕಟ್ಟಿಗೆ, ನೀರು, ಕಲ್ಲಿದ್ದಲು ಸಿಗುವಂತಾಯಿತು, ಹಡಗೊಡೆದು ದಡ ಸೇರಿದ ನಾವಿಕರಿಗೆ ರಕ್ಷಣೆಯ ಭರವಸೆ ದೊರೆಯಿತು. ವ್ಯಾಪಾರದ ಮಾತು ಅದರಲ್ಲಿರಲಿಲ್ಲ. ಅದನ್ನು ಮಾಡಿ ಮುಗಿಸಿದವನು 1856ರಲ್ಲಿ ಶಿಮೋದಾಕ್ಕೆ ಬಂದ ಅಮೆರಿಕದ ಕಾನ್ಸಲ್ ಜನರಲ್ ಟೌನ್‌ಸೆಂಡ್ ಹ್ಯಾರಿಸ್. 1858ರ ಜುಲೈ 29ರ ಒಪ್ಪಂದ ಜಪಾನಿನ ಆಮದು ಸುಂಕವನ್ನು ಅದರ ಕೈಯಿಂದ ತೆಗೆದು ಕರಾರಿನೊಳಗೆ ಕಟ್ಟಿಹಾಕಿತು. ಜಪಾನಿನ ನೆಲದಲ್ಲಿ ತಪ್ಪು ಮಾಡಿದ ಅಮೆರಿಕನ್ನನ ವಿಚಾರಣೆಯನ್ನು ಅಮೆರಿಕದ ಕಾನ್ಸಲ್‌ಗೆ ಒಪ್ಪಿಸಿತು. ವಿದೇಶಿ ನಾಣ್ಯವನ್ನು ತೂಕಕ್ಕೆ ತೂಕ ಬದಲಿಸಿಕೊಳ್ಳಲು ಬಿಟ್ಟಿತು. ಹೊರಗೆ ಒಂದು ಭಾಗ ಚಿನ್ನಕ್ಕೆ ಸುಮಾರು ಹದಿನೈದು ಭಾಗ ಬೆಳ್ಳಿ ಕೊಡಬೇಕಾಗಿದ್ದ ಕಾಲದಲ್ಲಿ ಜಪಾನಿನೊಳಗೆ ಐದೇ ಭಾಗ ಸಾಕಾಗುತ್ತಿತ್ತು. ಬೆಳ್ಳಿ ತಂದು ಚಿನ್ನ ಒಯ್ಯುವ ವ್ಯಾಪಾರಿಗಳಿಗೆ ಬೇರೆ ಸರಕೇ ಬೇಕಾಗಲಿಲ್ಲ. ಚಕ್ರವರ್ತಿ ಕೋಮೇ ಈ ಒಪ್ಪಂದಕ್ಕೆ ಸಮ್ಮತಿ ಕೊಟ್ಟಿರಲಿಲ್ಲ. ಸಮ್ಮತಿಯಿಲ್ಲದೆ ಸಹಿ ಹಾಕಿಸಿದ, ಎಡೊದಿಂದ ಆಳುತ್ತಿದ್ದ ಷೋಗುನ್ ಸರ್ಕಾರದ ಪ್ರಧಾನ ಮಂತ್ರಿ ಇಇ ನಾವೊಸುಕೆ 1860ರ ಮಾರ್ಚಿನಲ್ಲಿ ಎಡೊ ಕೋಟೆಯ ಬಾಗಿಲ ಬಳಿ ಕೊಲೆಯಾದ.

ಹಾಗಾದರೆ ಈ ಒಪ್ಪಂದ ಜಪಾನನ್ನು ಕಟ್ಟಿಹಾಕಿತೇ? ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಮಾತು ಕೊಟ್ಟವನಿಗೆ ಅದನ್ನು ನಡೆಸುವ ಹೊಣೆ ಇದೆಯೇ ಎಂಬುದು ಒಂದು. ಮಾತು ಪಡೆದವನಿಗೆ ಅದನ್ನು ಕೇಳುವ ಹಕ್ಕು ಇದೆಯೇ ಎಂಬುದು ಇನ್ನೊಂದು. ಸಾಮಾನ್ಯವಾಗಿ ಇವೆರಡೂ ಜೊತೆಯಾಗಿರುತ್ತವೆ: ನಾನು ನಿಮಗೆ ಸಾಲ ತೀರಿಸಬೇಕು ಎಂದರೆ ನಿಮಗೆ ಕೇಳುವ ಹಕ್ಕಿದೆ ಎಂದೇ ಅರ್ಥ. ಬಲಾತ್ಕಾರ ಈ ಜೋಡಿಯನ್ನು ಮುರಿಯುತ್ತದೆ. ಮನು ಮಾತನಾಡುತ್ತಿರುವುದು ನ್ಯಾಯಸಭೆಯಲ್ಲಿ, ಬರೆಸಿಕೊಂಡ ಪತ್ರ ಹಿಡಿದು ಬಂದವನ ಹಕ್ಕಿನ ಬಗ್ಗೆ. ಆ ಹಕ್ಕು ಇಲ್ಲ ಎಂಬುದು ಅಲ್ಲಿನ ತೀರ್ಪು. ಹಾಡು ಮಾತನಾಡುತ್ತಿರುವುದು ಹಸುವಿನ ಹೊಣೆಯ ಬಗ್ಗೆ. ಪುಣ್ಯಕೋಟಿ ಹಿಂದಿರುಗುವುದು ಹುಲಿಗೆ ಋಣಿ ಎಂದಲ್ಲ, ತಾನು ಸುಳ್ಳಾಗಬಾರದೆಂದು. ಹುಲಿಯೂ ಇದನ್ನು ಕಂಡುಕೊಳ್ಳುತ್ತದೆ, ಆದ್ದರಿಂದಲೇ ಅದಕ್ಕೆ ತಿನ್ನಲಾಗುವುದಿಲ್ಲ. ಕೌಟಿಲ್ಯನೂ ಇದೇ ಪ್ರಶ್ನೆಯನ್ನು ಸಂಧಿಯ ಪ್ರಕರಣದಲ್ಲಿ ಎತ್ತಿಕೊಂಡಿದ್ದಾನೆ. ಸತ್ಯ, ಶಪಥಗಳ ಮೇಲೆ ನಿಂತ ಸಂಧಿ ಅಸ್ಥಿರ, ಜಾಮೀನು ಒತ್ತೆಗಳ ಮೇಲೆ ನಿಂತದ್ದು ಸ್ಥಿರ ಎಂದು ಹಿಂದಿನ ಆಚಾರ್ಯರು ಹೇಳಿದರೆ, ಅರ್ಥಶಾಸ್ತ್ರದ ಕರ್ತೃ ಅದನ್ನು ತಲೆಕೆಳಗು ಮಾಡುತ್ತಾನೆ: ಸತ್ಯದ ಮೇಲಿನ ಸಂಧಿ ಇಹಪರಗಳೆರಡರಲ್ಲೂ ಸ್ಥಿರ, ಒತ್ತೆಯದು ಬಲ ಇರುವಷ್ಟು ದಿನ ಮಾತ್ರ. ಕುಟಿಲನೀತಿಯ ಹೆಸರು ಹೊತ್ತವನ ಬಾಯಲ್ಲಿ ಈ ಮಾತು ಬಂದದ್ದು ನನಗೆ ಇಂದಿಗೂ ಸೋಜಿಗ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚು ಹಾಕಿಸುವ ಹೊತ್ತಿಗೆ ಜಪಾನ್ ಇನ್ನೂ ತನ್ನ ಸುಂಕದ ಹಕ್ಕನ್ನು ಪೂರ್ತಿಯಾಗಿ ಮರಳಿ ಪಡೆದಿರಲಿಲ್ಲ.

ಹೊಣೆಯನ್ನೂ ಹಕ್ಕನ್ನೂ ಹೀಗೆ ಬಿಡಿಸಿ ನೋಡುವುದಕ್ಕೆ ಬಲವಾದ ಆಕ್ಷೇಪ ಇಂಗ್ಲೆಂಡಿನ ಥಾಮಸ್ ಹಾಬ್ಸ್‌ನಿಂದ ಬರುತ್ತದೆ. 1651ರ ತನ್ನ ‘ಲೆವಯಥನ್’ ಗ್ರಂಥದಲ್ಲಿ ಆತ, ಭಯದಿಂದ ಮಾಡಿದ ಕರಾರೂ ಕರಾರೇ ಎನ್ನುತ್ತಾನೆ. ಪ್ರಾಣ ಉಳಿಸಿಕೊಳ್ಳಲು ಕಳ್ಳನಿಗೆ ಒಪ್ಪಿದ ಹಣವನ್ನೂ, ಕಾನೂನು ಬಿಡಿಸದ ಹೊರತು, ಕೊಡಬೇಕು. ಭಯವೇ ಇಲ್ಲದ ಒಪ್ಪಂದ ಲೋಕದಲ್ಲಿ ಎಲ್ಲಿದೆ? ಸೋತ ದೇಶ ಶಾಂತಿಗೆ ಸಹಿ ಹಾಕುವುದು ಭಯದಿಂದ, ಬರಗಾಲದಲ್ಲಿ ರೈತ ಬೆಳೆ ಮಾರುವುದು ಭಯದಿಂದ. ಎಲ್ಲವನ್ನೂ ರದ್ದು ಮಾಡಿದರೆ ಯಾವ ಯುದ್ಧವೂ ಮುಗಿಯುವುದಿಲ್ಲ. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಭಯ ಎಲ್ಲಿಂದ ಬಂತು ಎಂದು ಹಾಬ್ಸ್ ಕೇಳುವುದಿಲ್ಲ. ಬರಗಾಲವನ್ನು ಧಾನ್ಯ ಕೊಳ್ಳುವವನು ತಂದದ್ದಲ್ಲ. ಹೆದರಿಸಿದವನೇ ಸಹಿ ಪಡೆಯುವಾಗ ಸಂಗತಿ ಬೇರೆ. ಪೆರಿ ತನ್ನ ಫಿರಂಗಿಗಳನ್ನೇ ತೋರಿಸಿದ, ಆದ್ದರಿಂದ ಆತನ ವಿಷಯದಲ್ಲಿ ಗೊಂದಲವಿಲ್ಲ. ಹ್ಯಾರಿಸ್‌ನದು ಸೂಕ್ಷ್ಮ. ಆತನ ಹತ್ತಿರ ನೌಕಾಪಡೆ ಇರಲಿಲ್ಲ. 1858ರ ಜೂನಿನಲ್ಲಿ ಟಿಯೆನ್‌ಟ್ಸಿನ್‌ನಲ್ಲಿ ಚೀನಾ ಬ್ರಿಟನ್ ಮತ್ತು ಫ್ರಾನ್ಸಿಗೆ ಮಣಿದ ಸುದ್ದಿಯನ್ನು ಹಿಡಿದು, ಅವರ ಹಡಗುಗಳು ಬರುವ ಮೊದಲು ನನ್ನೊಡನೆ ಮೃದುವಾದ ಕರಾರು ಮಾಡಿಕೊಳ್ಳಿ ಎಂದು ಆತ ಹೇಳಿದ. ಅಫೀಮಿನ ಆಮದನ್ನು ತನ್ನ ಒಪ್ಪಂದದಲ್ಲೇ ನಿಷೇಧಿಸಿದ, ಯುರೋಪಿನೊಡನೆ ಜಗಳ ಬಂದರೆ ಅಮೆರಿಕದ ಅಧ್ಯಕ್ಷ ಮಧ್ಯಸ್ಥನಾಗುವನೆಂದು ಬರೆದ. ಇದು ಬೆದರಿಕೆಯೇ, ಎಚ್ಚರಿಕೆಯೇ? ಅಫೀಮಿನ ಕಲಮಿನ ಮಟ್ಟಿಗೆ ಹ್ಯಾರಿಸ್‌ಗೆ ನಾನು ಗೌರವ ಕೊಡುತ್ತೇನೆ. ಆದರೆ ಸುಂಕ ಕಟ್ಟಿಹಾಕಿದ್ದಕ್ಕೂ ಕಾನ್ಸಲ್ ನ್ಯಾಯಾಲಯಕ್ಕೂ ಬ್ರಿಟಿಷರ ಅಪಾಯಕ್ಕೂ ಸಂಬಂಧವಿಲ್ಲ. ಇನ್ನೊಬ್ಬ ತಂದ ಭಯದಿಂದ ತನಗೆ ಲಾಭ ತೆಗೆದವನು ಹೆದರಿಸಿದವನಿಗಿಂತ ಸ್ವಲ್ಪ ಮೇಲು, ಅಷ್ಟೆ.

ಎರಡನೆಯ ಆಕ್ಷೇಪಕ್ಕೆ ಧರ್ಮದ ಬಣ್ಣವಿದೆ. ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ 1841ರ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಬ್ರಿಟನ್ ಮತ್ತು ಚೀನಾದ ನಡುವಿನ ಅಫೀಮು ಯುದ್ಧದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಯುದ್ಧಕ್ಕೆ ಅಫೀಮು ಕಾರಣವಲ್ಲ, ಸಮಾನರಾಗಿ ವ್ಯವಹರಿಸಲೊಪ್ಪದ ಚೀನಾದ ದರ್ಪವೇ ಕಾರಣ ಎಂಬುದು ಆತನ ಮಾತು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಕ್ರೈಸ್ತ ಆದೇಶದಿಂದಲೇ ದೇಶಗಳಿಗೆ ಪರಸ್ಪರ ವ್ಯಾಪಾರ ಮಾಡುವ ಕರ್ತವ್ಯ ಹುಟ್ಟುತ್ತದೆ ಎಂದು ಆತ ವಾದಿಸಿದ. ಬಾಗಿಲು ಮುಚ್ಚಿದವನು ಹಾಗಾದರೆ ಧರ್ಮ ತಪ್ಪಿದವನು. ಅವನ ಬಾಗಿಲು ಮುರಿಯುವುದು ಬಲಾತ್ಕಾರವಲ್ಲ, ತಿದ್ದುಪಡಿ. ಈ ವಾದದಲ್ಲಿ ಒಂದು ಸತ್ಯದ ತುಣುಕಿದೆ. 1837ರಲ್ಲಿ ಅಮೆರಿಕದ ಮಾರಿಸನ್ ಹಡಗು ಏಳು ಮಂದಿ ಜಪಾನಿ ನಾವಿಕರನ್ನು ಅವರ ಊರಿಗೆ ತಲುಪಿಸಲು ಹೋದಾಗ ತೀರದಿಂದ ಗುಂಡು ಹಾರಿತ್ತು. ಅಲೆಗೆ ಸಿಕ್ಕಿ ದಡಕ್ಕೆ ಬಿದ್ದವನಿಗೆ ನೀರು ಕೊಡುವುದು ಯಾವ ಮತದಲ್ಲಾದರೂ ಧರ್ಮವೇ. ಆದ್ದರಿಂದ 1854ರ ಒಪ್ಪಂದದ ಬೇಡಿಕೆ ನ್ಯಾಯವಾದದ್ದು, ಕೇಳಿದ ರೀತಿ ಅನ್ಯಾಯದ್ದು ಎಂಬುದು ನನ್ನ ತೀರ್ಮಾನ. ಆದರೆ ನೀರು ಕೊಡುವ ಕರ್ತವ್ಯದಿಂದ ರೇಷ್ಮೆ ಮಾರುವ ಕರ್ತವ್ಯಕ್ಕೆ ಹಾರುವುದು ಹೇಗೆ? ಬಂದವನನ್ನು ಹಗೆಯಾಗಿ ಕಾಣಬಾರದು, ಆದರೆ ಮನೆಯೊಳಗೆ ಉಳಿಸಿಕೊಳ್ಳಲೇಬೇಕೆಂದಿಲ್ಲ ಎಂದು ಜರ್ಮನಿಯ ಕಾಂಟ್ 1795ರಲ್ಲೇ ಬರೆದಿದ್ದ. ಯುರೋಪಿಯನ್ನರ ನಡತೆ ಕಂಡು ಚೀನಾ, ಜಪಾನ್ ಬಾಗಿಲು ಬಿಗಿ ಮಾಡಿದ್ದು ಜಾಣತನವೆಂದೂ ಹೇಳಿದ್ದ. ಆಡಮ್ಸ್‌ನ ದೇಶ ತನ್ನ ಸೂತ್ರಕ್ಕೆ ತಾನೇ ಎಷ್ಟು ಬದ್ಧವಾಗಿತ್ತು ಎಂಬುದಕ್ಕೂ ಸಾಕ್ಷಿಯಿದೆ. ಮನುಷ್ಯ ಬೇಕಾದಲ್ಲಿಗೆ ಹೋಗಿ ನೆಲೆಸುವ ಹಕ್ಕು ಸಹಜವಾದದ್ದು ಎಂದು 1868ರಲ್ಲಿ ಚೀನಾದೊಡನೆ ಮಾಡಿದ ಬರ್ಲಿಂಗೇಮ್ ಒಪ್ಪಂದದಲ್ಲಿ ಬರೆದುಕೊಟ್ಟ ಅಮೆರಿಕ 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಆಗ ಯಾವ ಪೆರಿಯೂ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಬರಲಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರು 2025ರ ಜುಲೈಯನ್ನು ನೋಡಬೇಕು. ಜಪಾನಿನ ಸರಕಿಗೆ ಶೇಕಡಾ 25 ಸುಂಕ ಎಂದು ವಾಷಿಂಗ್ಟನ್ನಿನಿಂದ ಪತ್ರ ಬಂತು. ಅದೇ ತಿಂಗಳು ಶೇಕಡಾ 15ಕ್ಕೆ ರಾಜಿಯಾಯಿತು, ಜೊತೆಗೆ ಅಮೆರಿಕದಲ್ಲಿ 550 ಬಿಲಿಯನ್ ಡಾಲರ್ ಹೂಡಿಕೆಯ ಮಾತು. ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕಿನ ಮೇಲೆ ಶೇಕಡಾ 50 ಸುಂಕ ಬಿತ್ತು, ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ. ಇಲ್ಲಿ ಓದುಗರು ನನ್ನನ್ನೇ ಹಿಡಿಯಬಹುದು: ಎಡೊಗೆ ತನ್ನ ಮಾರುಕಟ್ಟೆ ಮುಚ್ಚುವ ಹಕ್ಕಿತ್ತು ಎಂದ ಮೇಲೆ ವಾಷಿಂಗ್ಟನ್‌ಗೂ ಆ ಹಕ್ಕಿರಬೇಕಲ್ಲ? ಇದೆ. ಆದರೆ ಎಡೊ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅಮೆರಿಕ 1947ರ ಗ್ಯಾಟ್ ಒಪ್ಪಂದದಿಂದ ಹಿಡಿದು ವಿಶ್ವ ವ್ಯಾಪಾರ ಸಂಸ್ಥೆಯವರೆಗೆ ಸುಂಕಕ್ಕೆ ಗರಿಷ್ಠ ಮಿತಿ ಒಪ್ಪಿ ಸಹಿ ಹಾಕಿದೆ, ಅದೂ ಯಾವ ಹುಲಿಯ ಮುಂದೆಯೂ ಅಲ್ಲ, ತಾನೇ ಕರೆದ ಸಭೆಗಳಲ್ಲಿ. ಸ್ವಂತ ಇಚ್ಛೆಯಿಂದ ಕೊಟ್ಟ ಮಾತನ್ನು ಮುರಿಯುತ್ತೇನೆಂದು ಹೆದರಿಸಿ ಇನ್ನೊಬ್ಬರಿಂದ ಹೊಸ ಮಾತು ಪಡೆದರೆ, ಆ ಹೊಸ ಮಾತನ್ನು ನಡೆಸುವ ಹೊಣೆ ಕೊಟ್ಟವರ ಸತ್ಯಕ್ಕೆ ಸೇರಿದ್ದು. ಪಡೆದವರ ಕೈಯಲ್ಲಿ ಹಕ್ಕಿನ ಪತ್ರ ಎಂಬುದೇನೂ ಉಳಿಯುವುದಿಲ್ಲ. ಸುಂಕ ಹೇರಿದ್ದಕ್ಕೆ ಕೊಡುವ ರಾಷ್ಟ್ರೀಯ ಭದ್ರತೆಯ ನೆಪ ಇದನ್ನು ಬದಲಿಸುವುದಿಲ್ಲ, ಏಕೆಂದರೆ ಹೂಡಿಕೆಯ ಹಣ ಬಂದೊಡನೆ ಕರಗುವ ಭದ್ರತೆಯ ಭಯ ಭಯವೇ ಅಲ್ಲ.

ಕೊನೆಯ ಆಕ್ಷೇಪವೇ ಹೆಚ್ಚು ಜನಪ್ರಿಯ: ಏನೇ ಆಗಲಿ ಒಳ್ಳೆಯದೇ ಆಯಿತಲ್ಲ, ಪೆರಿ ಬಾರದಿದ್ದರೆ ಮೇಜಿ ಕಾಲದ ರೈಲು, ಕಾರ್ಖಾನೆ, ಶಾಲೆ ಎಲ್ಲಿರುತ್ತಿದ್ದವು? ಫಲದಿಂದ ಬೀಜವನ್ನು ಶುದ್ಧ ಮಾಡುವ ಈ ವಾದ ಒಪ್ಪಿದರೆ, ಕಟ್ಟಿಹಾಕಿ ದುಡಿಸಿದವನೂ ತನ್ನ ಆಳು ಕಲಿತ ಕಸುಬನ್ನು ತೋರಿಸಿ ಪುಣ್ಯ ಕೇಳಬಹುದು. ಜಪಾನ್ ಮಾತು ಉಳಿಸಿಕೊಂಡದ್ದು ನಿಜ. ಸಹಿ ಹಾಕಿದ ಸರ್ಕಾರವೇ ಬಿದ್ದುಹೋದರೂ ಹೊಸ ಸರ್ಕಾರ ಅದರ ಕರಾರುಗಳನ್ನು ಹೊತ್ತುಕೊಂಡಿತು. 1872ರ ನಂತರ ಪರಿಷ್ಕರಣೆ ಕೇಳಬಹುದು ಎಂಬ ಒಂದೇ ಕಲಮನ್ನು ಹಿಡಿದು ಇವಾಕುರಾ ನಿಯೋಗವನ್ನು ವಾಷಿಂಗ್ಟನ್‌ಗೆ ಕಳಿಸಿ, ಅದು ಬರಿಗೈಯಲ್ಲಿ ವಾಪಸ್ಸು ಬಂದರೂ, ಕರಾರು ಹರಿದು ಹಾಕಲಿಲ್ಲ. ಅಲ್ಲಿಯವರೆಗೆ ಅದು ಹಸುವಿನ ಪಾಲು. ಆದರೆ ಉರಾಗಾದಲ್ಲಿ ಜಪಾನ್ ಕಲಿತದ್ದು ಸತ್ಯದ ಪಾಠ ಒಂದೇ ಅಲ್ಲ. 1876ರಲ್ಲಿ ಜಪಾನಿನ ಯುದ್ಧನೌಕೆಗಳು ಕೊರಿಯಾದ ಗಂಗ್ವಾ ದ್ವೀಪಕ್ಕೆ ಹೋಗಿ ಬಂದರು ತೆರೆಸುವ, ಜಪಾನಿಯರನ್ನು ಕೊರಿಯಾದ ನ್ಯಾಯಾಲಯದಿಂದ ಹೊರಗಿಡುವ ಕರಾರನ್ನು ಬರೆಸಿಕೊಂಡವು. ಕೆಲವು ವರ್ಷ ಜಪಾನಿನ ಸರಕಿಗೆ ಅಲ್ಲಿ ಸುಂಕವೇ ಇರಲಿಲ್ಲ. ಜಪಾನಿಗೆ ತನ್ನ ಸುಂಕದ ಹಕ್ಕು ಪೂರ್ತಿಯಾಗಿ ಮರಳಿದ್ದು 1911ರಲ್ಲಿ. ಕೊರಿಯಾವನ್ನು ಅದು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡು ಆಗ ಒಂದು ವರ್ಷವಾಗಿತ್ತು, ಅದೂ ಒಂದು ಒಪ್ಪಂದದ ಮೂಲಕ, ಕೊರಿಯಾದ ಕಡೆಯ ಸಹಿಯೊಂದಿಗೆ.