ಅವರೇ ಒಪ್ಪಿಕೊಂಡರಲ್ಲ, ಫಾದರ್



ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಸುತ್ತ ಒಮ್ಮೆ ಓಡಾಡಿ ಬನ್ನಿ. ಹಿಂದೆ ಕೆರೆಯ ನೀರಿನಿಂದ ಭತ್ತ, ತರಕಾರಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದು ನಿಂತಿವೆ. ಕೆರೆ ಕಾಣುವ ಬಾಲ್ಕನಿಯಿದ್ದರೆ ಬಾಡಿಗೆ ಒಂದಿಷ್ಟು ಹೆಚ್ಚು. (2017ರ ಫೆಬ್ರವರಿಯಲ್ಲಿ ಅದೇ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಆಗ ಬಾಲ್ಕನಿಯ ಬಾಗಿಲು ಮುಚ್ಚಿಕೊಂಡವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಸಿಕ್ಕಿತೆಂದು ನಾನು ಕೇಳಿಲ್ಲ.)

ಆ ಭಾಗದಲ್ಲಿ ಫ್ಲ್ಯಾಟೊಂದನ್ನು ಹೊಂದಿರುವ ಹಿರಿಯರೊಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನೊಡನೆ ಮಾತಿಗೆ ನಿಂತರು. ಇದನ್ನು ಬರೆಯಲು ಅವರ ಅಪ್ಪಣೆ ಪಡೆದಿದ್ದೇನೆ. ಹೊಸದಾಗಿ ಬಂದ ದಂಪತಿಯಿಂದ ಅವರು ಹತ್ತು ತಿಂಗಳ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ. ಹೆಂಡತಿ ನರ್ಸ್, ಕೈಗೂಸು ಬೇರೆ. ಹಣ ಹೊಂದಿಸಲು ಆಕೆ ಮದುವೆಯ ಬಳೆ ಅಡವಿಟ್ಟಳೆಂದು ಆಮೇಲೆ ಇವರ ಕಿವಿಗೆ ಬಿದ್ದಿದೆ.

"ನಾನೇನು ಬಲವಂತ ಮಾಡಿದೆನೇ? ಅವರೇ ಒಪ್ಪಿಕೊಂಡರಲ್ಲ, ಫಾದರ್" ಎಂದರು. ಎರಡು ಬಾರಿ ಹೇಳಿದರು. ಆ ಮಾತು ಅವರಿಗೇ ಸಮಾಧಾನ ಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಒಪ್ಪಿಗೆಯೊಂದಿದ್ದರೆ ವ್ಯವಹಾರ ನ್ಯಾಯವಾಗಿಬಿಡುತ್ತದೆಯೇ? ಕೂಲಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಪೋಪ್ ಹದಿಮೂರನೆಯ ಲಿಯೋರವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ಕೈಗೆತ್ತಿಕೊಂಡರು. ಬೇರೆ ದಾರಿ ಕಾಣದೆ, ಇನ್ನೂ ಹೆಚ್ಚಿನ ಕೇಡಿಗೆ ಹೆದರಿ ಕಾರ್ಮಿಕನು ಅತ್ಯಲ್ಪ ಕೂಲಿಗೆ ತಲೆಯಾಡಿಸಿದರೆ, ಆ ಒಪ್ಪಿಗೆಯಿಂದ ಅನ್ಯಾಯವು ನ್ಯಾಯವಾಗದು ಎಂಬುದು ಅವರ ಬೋಧನೆ. ಕೂಲಿಗೆ ಸಲ್ಲುವ ಮಾತು ಸೂರಿಗೆ ಸಲ್ಲದೇ? ಮಗುವನ್ನು ಎತ್ತಿಕೊಂಡು ಮನೆ ಹುಡುಕುವವಳು ಎಷ್ಟೆಂದು ಚೌಕಾಸಿ ಮಾಡಿಯಾಳು!

ನಿಮ್ಮಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇದ್ದೀರಿ. ನಿಮ್ಮ ಕಷ್ಟ ಸುಳ್ಳಲ್ಲ. ಬಾಡಿಗೆ ಕೊಡದೆ ಸತಾಯಿಸಿದವರು, ಗೋಡೆ ಕೆಡಿಸಿ ಹೋದವರು ಇದ್ದಾರೆ. ಈ ಹಿರಿಯರಿಗೆ ಪಿಂಚಣಿಯಿಲ್ಲ, ಬಾಡಿಗೆಯೇ ಅನ್ನ. ಸ್ವಂತ ಆಸ್ತಿ ಹೊಂದುವುದು ನ್ಯಾಯವೆಂದೇ ಸಂತ ತೋಮಸ್ ಅಕ್ವಿನಾಸರೂ ಹೇಳುತ್ತಾರೆ. ಆದರೆ ಬಳಸುವಾಗ ಅದನ್ನು ತನ್ನೊಬ್ಬನದೆಂದು ಎಣಿಸದೆ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕೆಂದು ಸೇರಿಸುತ್ತಾರೆ. ಹಾಗಾದರೆ ಭದ್ರತೆಗೆ ಎಷ್ಟು ಬೇಕು? ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕೆನ್ನುತ್ತದೆ. ಮಿಕ್ಕ ಎಂಟು ತಿಂಗಳ ಹಣ ಬಡ್ಡಿಯಿಲ್ಲದೆ ನಾವು ಬಾಡಿಗೆಯವರಿಂದ ಪಡೆದ ಸಾಲವೆನ್ನಬೇಕು. ಅದಕ್ಕಾಗಿ ಆಕೆ ಗಿರವಿ ಅಂಗಡಿಗೆ ಬಡ್ಡಿ ಕಟ್ಟುತ್ತಿದ್ದಾಳೆ.

ಸಂತ ಪೌಲರು ರೋಮಿನಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು, ಬಂದವರನ್ನೆಲ್ಲ ಬರಮಾಡಿಕೊಂಡರೆಂಬ ಮಾತಿನೊಡನೆ ಪ್ರೇಷಿತರ ಕಾರ್ಯಕಲಾಪಗಳು ಮುಗಿಯುತ್ತವೆ. ಜೊತೆಯಲ್ಲೊಬ್ಬ ಕಾವಲಿನ ಸೈನಿಕ, ಬಾಗಿಲಲ್ಲಿ ಸದಾ ಜನ. ಅಂಥ ಬಾಡಿಗೆದಾರನಿಗೆ ಮನೆ ಕೊಟ್ಟ ಪುಣ್ಯಾತ್ಮನ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಆ ಹಿರಿಯರು ಮೊನ್ನೆ ಮತ್ತೆ ಸಿಕ್ಕರು. ಆರು ತಿಂಗಳ ಹಣ ಹಿಂದಿರುಗಿಸಿದ್ದಾರೆ, ಬಳೆ ಬಿಡಿಸಿಕೊಂಡರಂತೆ. "ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದು ಹಿಡಿದುಕೊಳ್ಳಬಹುದಲ್ಲವೇ, ಫಾದರ್?" ಎಂದು ಕೇಳಿದರು. ಅಂದು ಗೋಡೆ ನೋಡಿ ತೀರ್ಮಾನಿಸಿ ಎಂದೆ.