ಹತ್ತು ಕಾಲುಗಳಿಗೆ ಒಂದೇ ತಾಳ

ಪಾಂಡವರು ರಂಗಕ್ಕೆ ಬರುವ ಒಡ್ಡೋಲಗದಲ್ಲಿ ಐವರೂ ಒಟ್ಟಿಗೆ ಕುಣಿಯುತ್ತಾರೆ. ಊರಿನ ಹವ್ಯಾಸಿ ಸಂಘದ ಯಕ್ಷಗಾನವಾದರೆ, ಅರ್ಜುನನೊಬ್ಬನೇ ವೃತ್ತಿ ಮೇಳದಿಂದ ಬಂದ ಅತಿಥಿ ಕಲಾವಿದನಾಗಿರಬಹುದು. ಧರ್ಮರಾಯ ಶಾಲೆಯ ಮೇಷ್ಟ್ರು, ಭೀಮ ಅಡಿಕೆ ತೋಟದವನು, ನಕುಲ ಸಹದೇವರು ಕಾಲೇಜಿನ ಹುಡುಗರು. ಭಾಗವತರ ಹಾಡು ಏರಿ, ಮದ್ದಳೆಗೆ ಚೆಂಡೆ ಕೂಡಿಕೊಂಡಾಗ ಆ ಹತ್ತು ಕಾಲುಗಳಿಗೂ ತಾಳ ಒಂದೇ. ದಿನವೂ ಕುಣಿಯುವವನಿಗೊಂದು, ವರ್ಷಕ್ಕೊಮ್ಮೆ ಕುಣಿಯುವವನಿಗೊಂದು ಎಂದು ತಾಳದಲ್ಲಿ ಭೇದವುಂಟೆ?

ಇಂಥ ಕೂಟವನ್ನು ನಾವು ಉಪಕಾರವೆಂದೇ ತಿಳಿಯುತ್ತೇವೆ. ದೊಡ್ಡವರು ನಮ್ಮ ಹುಡುಗರ ಜೊತೆ ಕುಣಿದರಲ್ಲ ಎಂದು ಹಿಗ್ಗುತ್ತೇವೆ. ಆದರೆ ಆ ಅರ್ಜುನನನ್ನು ತುಸು ಹೊತ್ತು ಗಮನಿಸೋಣ. ಮನಸ್ಸು ಮಾಡಿದರೆ ನಾಲ್ಕು ಧಿಗಿಣ ಹಾಕಿ ಉಳಿದವರೆಲ್ಲರನ್ನೂ ಅವನು ಮರೆಸಿಬಿಡಬಲ್ಲ. ಹಾಗೆ ಮಾಡುವುದಿಲ್ಲ. ಸಹದೇವನ ಹೆಜ್ಜೆ ತಪ್ಪಿತೆಂದರೆ ತನ್ನ ಕುಣಿತವನ್ನು ಸರಳಗೊಳಿಸಿ, ತಾಳದ ಮೊದಲ ಪೆಟ್ಟನ್ನು ನೆಲಕ್ಕೆ ಒತ್ತಿ ತುಳಿಯುತ್ತಾನೆ. ಹುಡುಗ ಅದನ್ನು ಹಿಡಿದು ಮತ್ತೆ ಸೇರಿಕೊಳ್ಳುತ್ತಾನೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಬಲ್ಲದ್ದನ್ನೆಲ್ಲ ತೋರಿಸದೆ ಇರುವ ಈ ಸಂಯಮ ಅವನಿಗೆ ಎಲ್ಲಿಂದ ಬಂತು?

ಮೇಳದಿಂದಲೇ. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಆರಂಭವಾದ ಮೇಲೆ ಕಲಿಕೆಗೆ ತರಗತಿಯ ಶಿಸ್ತೂ ಬಂತು, ಅದು ಬೇಕಾದದ್ದೇ. ಆದರೆ ಅದಕ್ಕೂ ಮೊದಲಿನಿಂದ ಇದ್ದ ಪಾಠಶಾಲೆಯೆಂದರೆ, ಪ್ರಸಂಗ ಶುರುವಾಗುವ ಮುನ್ನಿನ ಪೂರ್ವರಂಗ. ಮುಖ್ಯ ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಬರೆದುಕೊಳ್ಳುತ್ತಿರುವಾಗ, ಕೋಡಂಗಿಯಾಗಿ, ಬಾಲಗೋಪಾಲರಾಗಿ ಹೊಸಬರು ರಂಗಸ್ಥಳಕ್ಕೆ ಬರುತ್ತಿದ್ದರು. ಕಲಿಯುವವನಿಗೊಂದು ರಾತ್ರಿ, ಕಲಿತವನಿಗೊಂದು ರಾತ್ರಿ ಎಂದು ಹಿರಿಯರು ವಿಂಗಡಿಸಲಿಲ್ಲ. ಅದೇ ಚೌಕಿ, ಅದೇ ದೀಪ, ಅದೇ ಚೆಂಡೆ. ಎಡವಿದ ಕೋಡಂಗಿಯನ್ನು ಸಹಿಸಿಕೊಂಡ ರಂಗವೇ ಮುಂದೆ ಅವನನ್ನು ಅರ್ಜುನನನ್ನಾಗಿ ಮಾಡಿತು. ಆ ಋಣವನ್ನು ಅವನು ಈಗ ಸಹದೇವನಿಗೆ ಸಲ್ಲಿಸುತ್ತಿದ್ದಾನೆ ಎನ್ನೋಣವೇ?

ಹಾಗೆಂದು ಅವನು ಬರೀ ಕೊಡುವವನಲ್ಲ. ದೀಪಾವಳಿ ಕಳೆದು ಹೊರಟ ಮೇಳ ಮಳೆಗಾಲಕ್ಕೆ ಮುನ್ನ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಿದ್ದೆಗೆಟ್ಟು ಕುಣಿದವನಿಗೆ ವೇಷವೆಂಬುದು ಹೊಟ್ಟೆಪಾಡೂ ಹೌದು, ದಣಿವೂ ಹೌದು. ಮಳೆಗಾಲದಲ್ಲಿ ಹವ್ಯಾಸಿಗಳ ಚೌಕಿಗೆ ಬಂದು ಕುಳಿತಾಗ, ಮೊದಲ ಸಲ ಗೆಜ್ಜೆ ಕಟ್ಟುವ ಹುಡುಗನ ಕೈ ನಡುಗುವುದು ಅವನ ಕಣ್ಣಿಗೆ ಬೀಳುತ್ತದೆ. ತಾನೂ ಒಮ್ಮೆ ಹೀಗೆ ನಡುಗಿದ್ದೆನೆಂದು ನೆನಪಾಗದೆ ಇದ್ದೀತೆ? ಎದುರಿಗೆ, ಕುಣಿಯುವ ಆಸೆಯೊಂದನ್ನೇ ಹೊತ್ತು ಬಂದವರಿದ್ದಾರೆ. ಆ ಆಸೆಯ ಪಕ್ಕದಲ್ಲಿ ಕುಳಿತವನಿಗೆ ತನ್ನ ವೃತ್ತಿಯ ಮೂಲ ಮತ್ತೆ ಕಾಣುತ್ತದೆ.

ಒಂದು ಮಾತು ಹೇಳಲೇಬೇಕು. ಪ್ರೀತಿಯ ಹೆಸರಿನಲ್ಲಿ ವೃತ್ತಿಯವನ ಸಂಭಾವನೆಗೆ ಕತ್ತರಿ ಹಾಕುವುದು ತಪ್ಪು. ಹವ್ಯಾಸವೆಂಬ ಹೆಸರಿನಲ್ಲಿ ಅಭ್ಯಾಸ ತಪ್ಪಿಸುವುದೂ ಅಷ್ಟೇ ತಪ್ಪು. ಜೊತೆಗೆ ಕುಣಿಯುವವರು ಪರಸ್ಪರರಿಗೆ ಮೊದಲು ಕೊಡಬೇಕಾದ ಗೌರವ ಇದು.

ಮರುದಿನ ಧರ್ಮರಾಯ ಶಾಲೆಗೆ ಹೋಗುತ್ತಾನೆ. ಎಷ್ಟು ತೊಳೆದರೂ ಕಿವಿಯ ಹಿಂದೆ ಬಣ್ಣ ಉಳಿದಿದೆ. ಮಕ್ಕಳು ಮೇಷ್ಟ್ರ ಮುಖದಲ್ಲಿ ರಾತ್ರಿಯ ಅರಸನನ್ನು ಹುಡುಕುತ್ತಾರೆ. ಬಿಡುವಿನ ಹೊತ್ತಿಗೆ ಜಗಲಿಯ ಮೇಲೆ ಐವರು ಸಾಲಾಗಿ ನಿಂತಿದ್ದಾರೆ. ಒಬ್ಬ ಬಾಯಲ್ಲೇ ಚೆಂಡೆ ಬಾರಿಸುತ್ತಿದ್ದಾನೆ, ಅರ್ಜುನ ಯಾರಾಗಬೇಕೆಂಬ ಜಗಳ ಇನ್ನೂ ಮುಗಿದಿಲ್ಲ.