ಎಳೆಯ ನಾಯಿಯ ಹಳೆಯ ಕಾಯಿಲೆ

ಮುದಿ ನಾಯಿ ಮಲಗಿದರೆ ‘ವಯಸ್ಸಾಯಿತಲ್ಲ’ ಎನ್ನುತ್ತೇವೆ, ಮನಸ್ಸು ಹೇಗೋ ಒಪ್ಪಿಕೊಳ್ಳುತ್ತದೆ. ಎರಡು ವರ್ಷದ ನಾಯಿ ಹಠಾತ್ತನೆ ಬಿದ್ದು, ಕಾಲು ಸೆಟೆದು, ಬಾಯಲ್ಲಿ ನೊರೆ ಕಾರಿದಾಗ ಹೇಳಿಕೊಳ್ಳಲು ಅಂಥ ಒಂದು ಮಾತೂ ಇರುವುದಿಲ್ಲ.

*

ಕಾರಣ ಸಿಗದ ಮೂರ್ಛೆರೋಗ ನಾಯಿಗಳಲ್ಲಿ ಶುರುವಾಗುವುದೇ ಎಳೆಯ ವಯಸ್ಸಿನಲ್ಲಿ, ಬಹುಮಟ್ಟಿಗೆ ಆರು ತಿಂಗಳಿಂದ ಆರು ವರ್ಷದೊಳಗೆ. ರಕ್ತ ಪರೀಕ್ಷೆ ಸರಿಯಿರುತ್ತದೆ, ಲಿವರ್ ಸರಿಯಿರುತ್ತದೆ, ಸಕ್ಕರೆ ಸರಿಯಿರುತ್ತದೆ. ‘ಎಲ್ಲ ನಾರ್ಮಲ್’ ಎಂಬ ವರದಿ ಕೈಯಲ್ಲಿ ಹಿಡಿದು ಅಳುತ್ತಾ ಕೂತವರನ್ನು ನೋಡಬೇಕೆಂದರೆ ಪಶುವೈದ್ಯರ ಬಾಗಿಲಿಗೆ ಹೋಗಬೇಕು.

*

‘ಪೂರ್ತಿ ಗುಣವಾಗುತ್ತಾ ಡಾಕ್ಟ್ರೇ?’ ಎಂದು ಕೇಳಿದರೆ ವೈದ್ಯರು ಚೀಟಿ ನೋಡುತ್ತಾ ಉತ್ತರಿಸುತ್ತಾರೆ. ‘ಇದನ್ನಿಟ್ಟುಕೊಂಡು ಹೇಗೆ ಬಾಳಿಸೋದು?’ ಎಂದು ಕೇಳಿದರೆ ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡಿ ಮಾತಾಡುತ್ತಾರೆ. ಎರಡನೇ ಪ್ರಶ್ನೆಗೆ ಬರಲು ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ವರ್ಷ ಬೇಕು. ಆ ನಡುವೆ ಹೋಮಿಯೋಪತಿ, ನಾಟಿ ಔಷಧಿ, ಹರಕೆ ಎಲ್ಲ ಬಂದು ಹೋಗುತ್ತವೆ.

*

ಫಿಟ್ಸ್ ನಿಂತ ಮೇಲೆ ನಾಯಿ ಸ್ವಲ್ಪ ಹೊತ್ತು ಮಂಕಾಗಿ ಅಡ್ಡಾಡುತ್ತದೆ. ಗೋಡೆಗೆ ಢಿಕ್ಕಿ ಹೊಡೆಯುತ್ತದೆ, ಮನೆಯವರ ಗುರುತೂ ಹತ್ತದಿರಬಹುದು. ಆಮೇಲೆ ತಟ್ಟೆ ಖಾಲಿ ಮಾಡಿ, ಚೆಂಡು ಕಚ್ಚಿಕೊಂಡು ಬಂದು ಎದುರು ನಿಲ್ಲುತ್ತದೆ. ನಮ್ಮ ಕೈ ಇನ್ನೂ ನಡುಗುತ್ತಿರುತ್ತದೆ. ತಾನು ರೋಗಿ ಎಂಬ ವಿಚಾರವೇ ಅದಕ್ಕಿಲ್ಲ. ಆ ವಿಚಾರ ಹೊತ್ತುಕೊಂಡವರು ನಾವು. ಹೊತ್ತುಕೊಂಡಿದ್ದೇ ಆದರೆ ಸರಿಯಾಗಿ ಹೊರಬೇಕು: ಲೆಕ್ಕ, ಹೊತ್ತು, ಹಣ, ಭಯ ನಮ್ಮ ಪಾಲಿಗೆ; ಚೆಂಡು ಅದರ ಪಾಲಿಗೆ.

*

ಮೂರ್ಛೆ ಬಂದವರ ಕೈಗೆ ಬೀಗದಕೈ ಗೊಂಚಲು ಹಿಡಿಸುವುದು ನಮ್ಮ ಕಡೆಯ ಹಳೇ ರೂಢಿ. ನಾಯಿಗೆ ಹಿಡಿಯಲು ಕೈಯಿಲ್ಲವಲ್ಲ, ಹಾಗಾಗಿ ಅಕ್ಕಪಕ್ಕದವರು ಬಾಯಿಗೇ ಇಡಲು ಬರುತ್ತಾರೆ. ದಯವಿಟ್ಟು ತಡೆಯಿರಿ. ನಾಯಿ ನಾಲಿಗೆ ನುಂಗುವುದಿಲ್ಲ. ಬಾಯಿಗೆ ಬಂದ ಬೆರಳನ್ನು ಮಾತ್ರ ಅರಿವಿಲ್ಲದೆ ಕಚ್ಚುತ್ತದೆ. ಕುರ್ಚಿ ಮೇಜು ಸರಿಸಿ, ದೀಪ ಆರಿಸಿ, ಟಿವಿ ನಿಲ್ಲಿಸಿ, ಮೆಟ್ಟಿಲ ಕಡೆ ಉರುಳದಂತೆ ನೋಡಿಕೊಂಡು ಗಡಿಯಾರ ನೋಡಿ. ಎರಡು ನಿಮಿಷ ಎರಡು ಗಂಟೆಯ ಹಾಗೆ ಅನ್ನಿಸುತ್ತದೆ, ಅದಕ್ಕೇ ಗಡಿಯಾರ ಬೇಕು. ಐದು ನಿಮಿಷ ದಾಟಿದರೆ, ಇಲ್ಲವೇ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ, ಆಸ್ಪತ್ರೆಗೆ ಓಡಬೇಕು. ಸೆಟೆದ ಸ್ನಾಯುಗಳಿಂದ ಮೈ ಬಿಸಿ ಏರುತ್ತಾ ಹೋಗುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ.

ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ನೋಡುವವರಿಗೆ ಕಲ್ಲುಮನಸ್ಸು ಅನ್ನಿಸಬಹುದು. ವೈದ್ಯರಿಗೆ ನಮ್ಮ ಅಳುವಿಗಿಂತ ಆ ಒಂದು ನಿಮಿಷದ ವಿಡಿಯೊ ಹೆಚ್ಚು ಹೇಳುತ್ತದೆ.

*

ಫಿಟ್ಸ್ ತಡೆಯುವ ಫಿನೋಬಾರ್ಬಿಟೋನ್ ಮಾತ್ರೆ ಹನ್ನೆರಡು ಗಂಟೆಗೊಮ್ಮೆ. ಬೆಳಿಗ್ಗೆ ಏಳು, ರಾತ್ರಿ ಏಳು. ಮದುವೆ, ತಿಥಿ, ಊರ ಹಬ್ಬ, ಸಿನಿಮಾ ಎಲ್ಲವನ್ನೂ ಇನ್ನು ಈ ಎರಡು ಏಳುಗಳ ನಡುವೆ ಹೊಂದಿಸಿಕೊಳ್ಳಬೇಕು. ಮೊದಲ ಒಂದೆರಡು ವಾರ ನಾಯಿ ತೂಕಡಿಸುತ್ತದೆ, ಹಿಂಗಾಲು ತೂರಾಡುತ್ತದೆ. ‘ನಮ್ಮ ನಾಯಿಯನ್ನೇ ಕಳಕೊಂಡೆವು’ ಎಂದು ಮಾತ್ರೆ ನಿಲ್ಲಿಸುವವರು ಹೆಚ್ಚಾಗಿ ಈ ಹೊತ್ತಿನಲ್ಲೇ ನಿಲ್ಲಿಸುವುದು. ರಕ್ತದಲ್ಲಿ ಔಷಧಿಯ ಮಟ್ಟ ನೆಲೆಗೊಳ್ಳಲು ಸುಮಾರು ಎರಡು ವಾರ ಹಿಡಿಯುತ್ತದೆ. ನಮ್ಮ ತಾಳ್ಮೆಯೂ ಅಷ್ಟು ಹೊತ್ತು ಬಾಳಿಕೆ ಬರಬೇಕು.

*

ಮೆಡಿಕಲ್ ಅಂಗಡಿಯಲ್ಲಿ ಈ ಮಾತ್ರೆ ಚೀಟಿಯಿಲ್ಲದೆ ಸಿಗುವುದಿಲ್ಲ.

‘ಪೇಶೆಂಟ್ ಹೆಸರು?’

‘ಕರಿಯ.’

‘ವಯಸ್ಸು?’

‘ಎರಡು.’

‘ಅಯ್ಯೋ, ಇಷ್ಟು ಚಿಕ್ಕ ಮಗೂಗಾ!’

ನಾಯಿ ಎಂದು ಹೇಳಿದ ಮೇಲೆ ಕೆಲವರು ನಗುತ್ತಾರೆ. ಕೆಲವರು ನಗದೆ, ಸ್ಟ್ರಿಪ್ ಕವರಿಗೆ ಹಾಕಿ, ಈಗ ಹೇಗಿದೆ ಎಂದು ಕೇಳುತ್ತಾರೆ. ನಾವು ಆ ಎರಡನೆಯ ಅಂಗಡಿಗೇ ಹೋಗುತ್ತೇವೆ, ಸ್ವಲ್ಪ ದೂರವಾದರೂ.

*

ಬ್ರೋಮೈಡ್ ಉಪ್ಪು ಮೂರ್ಛೆರೋಗಕ್ಕೆ ಔಷಧಿಯಾಗಿ ಬಂದದ್ದು 1857ರಲ್ಲಿ, ಫಿನೋಬಾರ್ಬಿಟೋನ್ 1912ರಲ್ಲಿ. ಮನುಷ್ಯರಿಗೆ ಹೊಸ ಹೊಸ ಔಷಧಿ ಬಂದು ಇವು ಹಿಂದಿನ ಸಾಲಿಗೆ ಸರಿದವು. ನಾಯಿಗಳ ಪಾಲಿಗೆ ಇಂದಿಗೂ ಇವೇ ಮುಂದಿನ ಸಾಲಿನವು. ಹಾಗೆಂದು ನಾಯಿ ನಮ್ಮ ಹಳತನ್ನಷ್ಟೇ ಪಡೆದು ಬದುಕುತ್ತಿದೆ ಎಂದುಕೊಳ್ಳಬೇಡಿ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿ ತೆಗೆದ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರಿಂದ ಇನ್ಸುಲಿನ್ ಕೈಗೆ ಸಿಕ್ಕಿತು. ಸಕ್ಕರೆ ಕಾಯಿಲೆಯಿರುವ ನಾಯಿಗೆ ದಿನಕ್ಕೆ ಎರಡು ಸಲ ಸೂಜಿ ಚುಚ್ಚುವವರು ‘ನಾಯಿಗೆ ಇಷ್ಟೆಲ್ಲಾನಾ’ ಎಂದು ಕೇಳಿದವರಿಗೆ ಇದನ್ನೊಮ್ಮೆ ಹೇಳಬಹುದು.

*

ಫಿನೋಬಾರ್ಬಿಟೋನ್ ಹಸಿವು ಹೆಚ್ಚಿಸುತ್ತದೆ. ಹಸಿದ ನಾಯಿ ಕಣ್ಣಲ್ಲೇ ಬೇಡುತ್ತದೆ. ‘ಪಾಪ, ಮೂಕ ಪ್ರಾಣಿ’ ಎಂದು ಅಜ್ಜಿ ಸೆರಗಿನ ಮರೆಯಿಂದ ಅರ್ಧ ಚಪಾತಿ ಜಾರಿಸುತ್ತಾರೆ. ಅಜ್ಜಿಯ ಮನಸ್ಸು ದೊಡ್ಡದು, ನಾಯಿಯ ಸೊಂಟದ ಕೀಲು ಚಿಕ್ಕದು.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಗಳಲ್ಲಿ ಎಳೆಯದರಲ್ಲೇ ಸೊಂಟದ ಕೀಲು ಸಡಿಲವಾಗಿರುವುದು ಸಾಮಾನ್ಯ, ಅದಕ್ಕೆ ತೂಕವೇ ಶತ್ರು. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಗಾರರಿಗಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚು ಬಾಳಿದವು. ಅವುಗಳ ಕೀಲುನೋವೂ ತಡವಾಗಿ ಬಂತು. ಉಣಿಸುವುದನ್ನೇ ಪ್ರೀತಿ ಎಂದು ಕಲಿತ ನಮ್ಮಂಥ ಮನೆಗಳಲ್ಲಿ ಇದನ್ನು ನಂಬಿಸುವುದು ಔಷಧಿ ಕುಡಿಸುವುದಕ್ಕಿಂತ ಕಷ್ಟ. ಚಪಾತಿಯ ಬದಲು ಸೌತೆಕಾಯಿ ಹೋಳು ಕೊಡಿ. ಅಜ್ಜಿಗೂ ಕೊಟ್ಟ ಸಮಾಧಾನ ಸಿಗುತ್ತದೆ.

*

ಗೃಹಪ್ರವೇಶದ ದಿನ ಬಂದವರೆಲ್ಲ ಹೊಗಳಿದ ಫಳಫಳ ಟೈಲ್ಸ್ ಮೇಲೆ ಕೀಲುನೋವಿನ ನಾಯಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗಿ ಕುಸಿಯುತ್ತದೆ. ಗೋಣಿತಾಟು ಹಾಸಿ. ಮನೆಯ ಅಂದ ಕೆಡುತ್ತದೆ, ಕೆಡಲಿ.

*

ಮೈ ಕೆರೆತದ ನಾಯಿಗೆ ಆಹಾರದ ಅಲರ್ಜಿಯೋ ಎಂದು ತಿಳಿಯಲು ಎಂಟು ವಾರ ಒಂದೇ ಬಗೆಯ ಊಟ ಕೊಟ್ಟು ನೋಡಬೇಕು. ಏಳನೇ ವಾರದಲ್ಲಿ ನೆಂಟರ ಮಗು ಕೊಟ್ಟ ಒಂದು ಬಿಸ್ಕತ್ತಿಗೆ ಆ ಲೆಕ್ಕವೆಲ್ಲ ನೀರಲ್ಲಿ ಹೋಮ. ಮಗುವನ್ನು ಬೈಯುವಂತಿಲ್ಲ. ಬಿಸ್ಕತ್ತಿನ ಡಬ್ಬಿ ಮೇಲಿಡಬಹುದು.

*

ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಐದನೇ ದಿನಕ್ಕೆ ನಾಯಿ ಎದ್ದು ಕುಣಿಯುತ್ತದೆ, ಆರನೇ ದಿನಕ್ಕೆ ಮಾತ್ರೆ ಡಬ್ಬಿ ಬೀರು ಸೇರುತ್ತದೆ. ಕೆಲವು ಕಾಯಿಲೆಗಳನ್ನು ದೀರ್ಘಕಾಲದ ಕಾಯಿಲೆ ಮಾಡುವುದು ನಮ್ಮ ಸಂತೋಷವೇ.

*

ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಅರ್ಧ ಮುರಿದು ಕೊಡುವ ಉಪಕಾರ ಬೇಡ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸಬಲ್ಲದು.

*

ಸಲಹೆ ಕೊಡುವವರು ಮೂರು ಬಗೆ. ‘ಬರೀ ನಾಯಿಗೆ ಇಷ್ಟು ಖರ್ಚಾ?’ ಎನ್ನುವವರು. ‘ಹಳ್ಳಿ ಕಡೆ ಬಿಟ್ಟು ಬನ್ನಿ, ಅಲ್ಲಿ ಹೇಗೋ ಬದುಕುತ್ತೆ’ ಎನ್ನುವವರು. ‘ಯಾರದೋ ಕಣ್ಣು ಬಿದ್ದಿದೆ, ದೃಷ್ಟಿ ತೆಗೀರಿ’ ಎನ್ನುವವರು. ನನಗೆ ಮೂರನೆಯವರೇ ವಾಸಿ ಅನ್ನಿಸುತ್ತದೆ. ಖರ್ಚು ಒಂದು ಹಿಡಿ ಉಪ್ಪು ಮೆಣಸಿನಕಾಯಿ, ಮೇಲಾಗಿ ಹೋಗುವ ಮುಂಚೆ ನಾಯಿಯ ತಲೆ ಸವರಿ ಹೋಗುತ್ತಾರೆ. ಮೆಣಸಿನಕಾಯಿ ಮಾತ್ರ ಹೊರಗೆ, ಗಾಳಿಗೆ ಸುಡಲಿ.

ಇನ್ನು ಆ ಎರಡನೆಯವರು: ಹಳ್ಳಿಯಲ್ಲಿ ಬಿಟ್ಟ ನಾಯಿಗೆ ರಾತ್ರಿ ಏಳಕ್ಕೆ ಮಾತ್ರೆ ಯಾರು ಕೊಡುತ್ತಾರೆ ಎಂದು ಅವರನ್ನು ಕೇಳಿ ನೋಡಿ.

*

ನೋಡಿಕೊಳ್ಳುವವರ ದಣಿವಿಗೆ ಈಗ ಅಳತೆಗೋಲೂ ಇದೆ. ಬಹುಕಾಲದ ಕಾಯಿಲೆಯ ಪ್ರಾಣಿ ಸಾಕುವವರ ಮನಸ್ಸಿನ ಭಾರವನ್ನು ಅಮೆರಿಕದ ಮನೋವಿಜ್ಞಾನಿ ಮೇರಿ ಬೆತ್ ಸ್ಪಿಟ್ಸ್‌ನೇಗಲ್ ಮತ್ತು ಜೊತೆಗಾರರು ಅಳೆದು 2017ರಲ್ಲಿ ಪ್ರಕಟಿಸಿದರು. ಆರೋಗ್ಯವಂತ ಪ್ರಾಣಿ ಇರುವವರಿಗಿಂತ ಇವರಲ್ಲಿ ಒತ್ತಡ, ಖಿನ್ನತೆ, ಆತಂಕದ ಲಕ್ಷಣಗಳು ಹೆಚ್ಚಾಗಿ ಕಂಡವು. ಇದನ್ನು ಓದಿ ನನ್ನ ದಣಿವು ಇಳಿಯಲಿಲ್ಲ, ದಣಿದೆನಲ್ಲ ಎಂಬ ನಾಚಿಕೆ ಮಾತ್ರ ಇಳಿಯಿತು.

*

ಮನೆಯಲ್ಲಿ ಮಾತ್ರೆ ಕೊಡುವುದು ಬಲ್ಲವರು ಇಬ್ಬರಾದರೂ ಇರಬೇಕು. ಎಲ್ಲವನ್ನೂ ತಾನೇ ಮಾಡುತ್ತೇನೆ ಎನ್ನುವವರು ನಾಯಿಯನ್ನು ಪ್ರೀತಿಸುವುದು ನಿಜ. ಒಂದು ದಿನ ಅವರಿಗೇ ಜ್ವರ ಬರುವುದೂ ನಿಜ.

*

‘ನಮ್ಮ ಕೈಲಿ ತಿಂಗಳಿಗೆ ಇಷ್ಟೇ ಆಗೋದು’ ಎಂದು ವೈದ್ಯರಿಗೆ ಮೊದಲೇ ಹೇಳುವುದರಲ್ಲಿ ಅವಮಾನವೇನಿಲ್ಲ. ಎಂಆರ್‌ಐ ಮಾಡಿಸದೆಯೂ ಚಿಕಿತ್ಸೆ ಶುರುವಾಗುವ ನಾಯಿಗಳೇ ಹೆಚ್ಚು. ಸಂಕೋಚದಿಂದ ಎಲ್ಲದಕ್ಕೂ ಹೂಂ ಎಂದು, ಮೂರನೇ ತಿಂಗಳಿಗೆ ಆಸ್ಪತ್ರೆಯ ಕಡೆ ತಲೆಹಾಕದೆ ಹೋಗುವುದರಿಂದ ನಾಯಿಗೆ ನಷ್ಟ.

*

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಫಿಟ್ಸ್ ಲೆಕ್ಕವನ್ನೂ ಬರೆಯಿರಿ: ತಾರೀಖು, ಹೊತ್ತು, ಎಷ್ಟು ನಿಮಿಷ, ಹಿಂದಿನ ದಿನ ಏನಾಗಿತ್ತು. ನೆನಪನ್ನು ನೆಚ್ಚುವಂತಿಲ್ಲ. ಒಂದು ಕೆಟ್ಟ ರಾತ್ರಿ ಕಳೆದರೆ ಇಡೀ ತಿಂಗಳು ಹಾಗೇ ಇತ್ತು ಎನ್ನುತ್ತದೆ. ಒಂದು ವಾರ ಚೆನ್ನಾಗಿದ್ದರೆ ಕಾಯಿಲೆಯೇ ಹೋಯಿತು ಎನ್ನುತ್ತದೆ.

*

ಹೇಳಲು ಬಾಯಿ ಬಾರದ ಪ್ರಶ್ನೆ ಒಂದಿದೆ: ಎಲ್ಲಿಯವರೆಗೆ? ಮೂರು-ನಾಲ್ಕು ನಾಯಿಗಳಲ್ಲಿ ಒಂದಕ್ಕೆ ಮಾತ್ರೆಗಳು ಅಷ್ಟಾಗಿ ಹಿಡಿತ ಕೊಡುವುದಿಲ್ಲ, ಹಾಗಾಗಿ ಎಳೆಯ ನಾಯಿಯ ಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಆಲಿಸ್ ವಿಲ್ಲಲೋಬೋಸ್ ಎಂಬ ಪಶುವೈದ್ಯೆ 2004ರಲ್ಲಿ ಒಂದು ಅಂಕಪಟ್ಟಿ ಕೊಟ್ಟರು. ನೋವು, ಊಟ, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಏಳಕ್ಕೂ ಹತ್ತರಲ್ಲಿ ಅಂಕ. 35 ದಾಟಿದರೆ ಬದುಕು ಸಹನೀಯ ಎಂದು ಅವರ ಲೆಕ್ಕ. ಪ್ರೀತಿಯನ್ನು ಅಂಕಕ್ಕೆ ಇಳಿಸುವುದು ಅಸಹ್ಯ ಅನ್ನಿಸಿದರೆ ಅನ್ನಿಸಲಿ. ಮನೆಯಲ್ಲಿ ನಾಲ್ಕು ಜನ ಬೇರೆ ಬೇರೆ ಕೂತು ಅಂಕ ಹಾಕಿ ಹೋಲಿಸಿ ನೋಡಿ. ಯಾರು ನಾಯಿಯನ್ನು ನೋಡುತ್ತಿದ್ದಾರೆ, ಯಾರು ತಮ್ಮ ಭಯವನ್ನು ನೋಡುತ್ತಿದ್ದಾರೆ ಎಂಬುದು ತಿಳಿಯುತ್ತದೆ.

*

ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತುವುದಿಲ್ಲ ಎಂದ ಧರ್ಮರಾಯನನ್ನು ಎಲ್ಲರೂ ನೆನೆಯುತ್ತಾರೆ. ಅವನ ಜೊತೆ ಬಂದ ನಾಯಿ ಕೊನೆಗೆ ಧರ್ಮದೇವತೆಯಾಗಿ ಎದ್ದು ನಿಂತಿತು. ನಮ್ಮದು ನಾಯಿಯಾಗಿಯೇ ಉಳಿಯುತ್ತದೆ, ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುತ್ತದೆ, ರಾತ್ರಿ ಎರಡಕ್ಕೆ ಎಬ್ಬಿಸುತ್ತದೆ. ಯಾವ ರಥವೂ ಬರುವುದಿಲ್ಲ ಎಂದು ಗೊತ್ತಿದ್ದೂ ಎದ್ದು ನೆಲ ಒರೆಸುವವರ ಬಗ್ಗೆ ಪುರಾಣ ಇನ್ನೂ ಆಗಬೇಕಷ್ಟೆ.

*

2022ರ ‘777 ಚಾರ್ಲಿ’ ನೋಡಿ ಚಿತ್ರಮಂದಿರದಲ್ಲಿ ಅತ್ತವರು ಬಹಳ. ಆ ಚಿತ್ರದ ಲ್ಯಾಬ್ರಡಾರ್ ತಪ್ಪಿಸಿಕೊಂಡು ಬಂದದ್ದು ಮರಿ ಮಾಡಿಸಿ ಮಾರುವವನ ಗೂಡಿನಿಂದ. ಅತ್ತ ಕಣ್ಣು ಒರೆಸಿಕೊಂಡು, ಅಂಥದೇ ಗೂಡಿನಿಂದ ಅಂಥದೇ ಮರಿ ತಂದವರೂ ಇದ್ದಾರೆ. ಮರಿ ಕೊಳ್ಳುವಾಗ ಅಪ್ಪ ಅಮ್ಮನ ಬಣ್ಣ ಕೇಳುತ್ತೇವೆ, ಕಾಯಿಲೆ ಕೇಳುವುದಿಲ್ಲ. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ತೋರಿಸಿ ಎಂದು ಕೇಳುವ ಗಿರಾಕಿಗಳು ಹೆಚ್ಚಾದ ದಿನ ಎಳೆಯ ಕಾಯಿಲೆಗಳು ಒಂದಿಷ್ಟು ಕಡಿಮೆಯಾದಾವು. ಫಿಟ್ಸ್ ಬರುವ ನಾಯಿಯಿಂದ ‘ಒಂದೇ ಒಂದು ಸೂಲು’ ಮರಿ ತೆಗೆಯುವ ಆಸೆಯಂತೂ ಬೇಡವೇ ಬೇಡ.

*

ನಾಯಿ ನಮ್ಮ ಮುಖ ಓದುತ್ತದೆ. ದಿನವಿಡೀ ಅದನ್ನೇ ಅನುಮಾನದಿಂದ ನೋಡುತ್ತಾ ಕೂತರೆ ಆಟ ಬಿಟ್ಟು ಅದೂ ನಮ್ಮನ್ನೇ ನೋಡುತ್ತಾ ಕೂರುತ್ತದೆ. ಓಡಾಡಲಿ ಬಿಡಿ. ಕೆರೆಗೆ ಒಂಟಿಯಾಗಿ ಇಳಿಯುವುದು ಬೇಡ, ತಾರಸಿಯ ಅಂಚು ಬೇಡ, ದೀಪಾವಳಿಯ ರಾತ್ರಿ ಕಿಟಕಿ ಮುಚ್ಚಿದ ಒಳಕೋಣೆ ಇರಲಿ. ಮಿಕ್ಕಂತೆ ಅದು ಎರಡು ವರ್ಷದ ನಾಯಿ. ಚಪ್ಪಲಿ ಕಚ್ಚುವ ಹಕ್ಕು ಅದಕ್ಕಿದೆ.

*

ತಿಂಗಳುಗಟ್ಟಲೆ ಫಿಟ್ಸ್ ಬಾರದಿದ್ದಾಗ ‘ಇನ್ನು ಯಾಕೆ ಮಾತ್ರೆ, ಲಿವರಿಗೆ ಕೆಟ್ಟದ್ದಂತಲ್ಲ’ ಎಂಬ ಮಾತು ಮನೆಯೊಳಗಿಂದಲೇ ಏಳುತ್ತದೆ. ಫಿಟ್ಸ್ ಬಾರದಿರುವುದು ಮಾತ್ರೆಯಿಂದಲೇ ಇರಬಹುದು. ಲಿವರಿನ ಚಿಂತೆಗೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಡೋಸ್ ಇಳಿಸಬೇಕಿದ್ದರೆ ವೈದ್ಯರು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾದ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮಾತ್ರೆ ಮುಗಿಯುವುದು ಹೆಚ್ಚಾಗಿ ಭಾನುವಾರ, ಇಲ್ಲವೇ ಹಬ್ಬದ ದಿನ, ಅಂಗಡಿ ಮುಚ್ಚಿದ ಮೇಲೆ. ಇಂಥ ನಾಯಿ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಡಬ್ಬಿ ತೆಗೆದು ಎಣಿಸಿ. ಒಂದು ವಾರಕ್ಕೆ ಸಾಲದಷ್ಟಿದ್ದರೆ ನಾಳೆ ಬೆಳಿಗ್ಗೆಯೇ ಚೀಟಿ ಹಿಡಿದು ಹೊರಡಿ.